ಜೂನಿಯರ್ ಕಾಲೇಜಿನಿಂದ ನಾಲ್ಕು ವರ್ಷದ ಕಾಲೇಜಿಗೆ: ಸಾಫ್ಟ್‌ಬಾಲ್ ಆಟಗಾರ್ತಿಯ ವರ್ಗಾವಣೆ, ಹಂತ ಹಂತವಾಗಿ

ಏಪ್ರಿಲ್‌ನಲ್ಲಿ ಕೋಚ್ "ಬಾ" ಅಂದಿರುತ್ತಾರೆ. ಮೇ ತಿಂಗಳಲ್ಲಿ ಸ್ಕಾಲರ್‌ಶಿಪ್ ಮಾತೂ ಆಗಿರುತ್ತದೆ. ಜುಲೈನಲ್ಲಿ ಹೊಸ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಿಂದ (ಆಟಗಾರರ ಅರ್ಹತೆಯ ನಿಯಮ ನೋಡಿಕೊಳ್ಳುವ ಕಚೇರಿ) ಎರಡು ಸಾಲಿನ ಮೇಲ್ ಬರುತ್ತದೆ: ಒಂದು ಯೂನಿಟ್ (ಕ್ಲಾಸಿನ ಕ್ರೆಡಿಟ್) ಕಮ್ಮಿ ಇದೆ, ಈ ವರ್ಷ ಆಡುವಂತಿಲ್ಲ. ಅಮೆರಿಕದ ಜೂನಿಯರ್ ಕಾಲೇಜುಗಳಿಂದ ಹೊರಡುವ ಹುಡುಗಿಯರು ಎಡವುವುದು ಹೆಚ್ಚಾಗಿ ಇಲ್ಲಿ, ಮೈದಾನದಲ್ಲಲ್ಲ. ಕೋಚ್ ಮೊದಲು, ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಆಮೇಲೆ ಅಂದುಕೊಳ್ಳುವುದೇ ಇದಕ್ಕೆ ಕಾರಣ. ಕೆಳಗಿನ ಹಂತಗಳು ಆ ಕ್ರಮವನ್ನು ತಿರುವಿಹಾಕುತ್ತವೆ.

ಊರಿನಲ್ಲಿರುವ ಅಜ್ಜ-ಅಜ್ಜಿಗೆ ವಿವರಿಸುವಾಗ ಒಂದು ಮಾತು: ಅಲ್ಲಿನ ಜೂನಿಯರ್ ಕಾಲೇಜ್ ಅಂದರೆ ಪಿಯುಸಿ. ಅಮೆರಿಕದಲ್ಲಿ ಅದು 12ನೇ ತರಗತಿ ಮುಗಿದ ಮೇಲಿನ ಎರಡು ವರ್ಷ, ಅಂದರೆ ಡಿಗ್ರಿಯ ಮೊದಲರ್ಧ.

ಶುರುಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇಕು. ಬೇಸಿಗೆಯಲ್ಲಿ ಪಕ್ಕದೂರಿನ ಕಾಲೇಜಿನಲ್ಲಿ ಮಾಡಿದ ಒಂದೇ ಒಂದು ಕ್ಲಾಸ್, ಹೈಸ್ಕೂಲಿನಲ್ಲಿದ್ದಾಗ ತೆಗೆದುಕೊಂಡ ಕಾಲೇಜ್ ಕ್ಲಾಸ್ ಕೂಡ ಇದರಲ್ಲಿ ಸೇರಬೇಕು. ಇವುಗಳ ಜತೆಗೆ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಎಲಿಜಿಬಿಲಿಟಿ ಸೆಂಟರ್‌ನ ಐಡಿ ನಂಬರ್, ಪ್ರತಿ ಟರ್ಮ್‌ನಲ್ಲಿ ಎಷ್ಟು ಯೂನಿಟ್ ತೆಗೆದುಕೊಂಡಿದ್ದೀರಿ ಅನ್ನುವ ಒಂದು ಸ್ಪ್ರೆಡ್‌ಶೀಟ್, ಟ್ರೈಪಾಡ್ ಇರುವ ಫೋನ್, ಸ್ಟಾಪ್‌ವಾಚ್. ರಿಕ್ರೂಟಿಂಗ್ ಸರ್ವಿಸ್‌ಗೆ ದುಡ್ಡು ಕೊಡುವ ಅಗತ್ಯವಿಲ್ಲ. ಅವರು ಮಾಡುವ ಕೆಲಸ ಆರನೇ ಹಂತದ್ದು, ಹೆಚ್ಚಿನವರು ಸೋಲುವುದು ಮೂರನೇ ಹಂತದಲ್ಲಿ.

ಹಂತ 1: ನೀವು ಕ್ವಾಲಿಫೈಯರ್ ಹೌದೋ ಅಲ್ಲವೋ ತಿಳಿದುಕೊಳ್ಳಿ

ಹೈಸ್ಕೂಲ್ ಮುಗಿಯುವಾಗ ಎನ್‌ಸಿಎಎ ಕೇಳುವ 16 ಕೋರ್ ಕೋರ್ಸುಗಳು ಮತ್ತು ಅವುಗಳ ಜಿಪಿಎ ನಿಮ್ಮ ಬಳಿ ಇದ್ದವೇ? ಇದ್ದರೆ ನೀವು ಕ್ವಾಲಿಫೈಯರ್. ಮುಂದಿನ ಎಲ್ಲ ಲೆಕ್ಕ ಇದರ ಮೇಲೆ ನಿಂತಿದೆ. ಜೂನಿಯರ್ ಕಾಲೇಜಿಗೆ ಹೋಗುತ್ತೇನಲ್ಲ ಎಂದುಕೊಂಡು ಎಲಿಜಿಬಿಲಿಟಿ ಸೆಂಟರ್‌ನಲ್ಲಿ ನೋಂದಾಯಿಸದೆ ಬಿಟ್ಟವರು ಬಹಳ. ಈಗಲಾದರೂ ನೋಂದಾಯಿಸಿ, ಹೈಸ್ಕೂಲಿನಿಂದ ಟ್ರಾನ್ಸ್‌ಕ್ರಿಪ್ಟ್ ಕಳಿಸಿ.

ಡಿವಿಷನ್ 1ಕ್ಕೆ (ಎನ್‌ಸಿಎಎಯ ಮೂರು ಮಟ್ಟಗಳಲ್ಲಿ ಮೇಲಿನದು) ಹೋಗುವ ಕ್ವಾಲಿಫೈಯರ್‌ಗೆ ಬೇಕಾದ್ದು ಇಷ್ಟು: ಜೂನಿಯರ್ ಕಾಲೇಜಿನಲ್ಲಿ ಕನಿಷ್ಠ ಒಂದು ಟರ್ಮ್ ಫುಲ್‌ಟೈಮ್ ಓದಿರಬೇಕು, ಪ್ರತಿ ಫುಲ್‌ಟೈಮ್ ಟರ್ಮ್‌ಗೆ ಸರಾಸರಿ 12 ವರ್ಗಾಯಿಸಬಲ್ಲ ಯೂನಿಟ್ ಇರಬೇಕು, ಆ ಯೂನಿಟ್‌ಗಳಲ್ಲಿ 2.5 ಜಿಪಿಎ ಇರಬೇಕು.

ನಾನ್‌ಕ್ವಾಲಿಫೈಯರ್ ಆದರೆ ಭಾರ ಹೆಚ್ಚು. ಕನಿಷ್ಠ ಮೂರು ಸೆಮಿಸ್ಟರ್ ಅಥವಾ ನಾಲ್ಕು ಕ್ವಾರ್ಟರ್ ಫುಲ್‌ಟೈಮ್ ಓದಿ (ಬೇಸಿಗೆ ಇದರಲ್ಲಿ ಸೇರುವುದಿಲ್ಲ), ಅಲ್ಲಿಂದ ಪದವಿ ಪಡೆದೇ ಹೊರಡಬೇಕು. 48 ಸೆಮಿಸ್ಟರ್ ಯೂನಿಟ್ ಅಥವಾ 72 ಕ್ವಾರ್ಟರ್ ಯೂನಿಟ್ ವರ್ಗಾವಣೆಯಾಗಬೇಕು. ಅದರೊಳಗೆ 6 ಸೆಮಿಸ್ಟರ್ ಯೂನಿಟ್ ಇಂಗ್ಲಿಷ್, 3 ಗಣಿತ, 3 ವಿಜ್ಞಾನ ಇರಲೇಬೇಕು. ರೆಮಿಡಿಯಲ್ (ಕಾಲೇಜು ಮಟ್ಟಕ್ಕಿಂತ ಕೆಳಗಿನ) ಇಂಗ್ಲಿಷ್, ರೆಮಿಡಿಯಲ್ ಗಣಿತ ಲೆಕ್ಕಕ್ಕಿಲ್ಲ. ಜಿಪಿಎ ಇಲ್ಲೂ 2.5. ಈ ಎರಡು ಗುಂಪುಗಳ ನಡುವೆ ಅಕಾಡೆಮಿಕ್ ರೆಡ್‌ಶರ್ಟ್ ಎಂಬ ಇನ್ನೊಂದಿದೆ. ಎಲಿಜಿಬಿಲಿಟಿ ಸೆಂಟರ್ ನಿಮ್ಮನ್ನು ಅಲ್ಲಿ ಹಾಕಿದ್ದರೆ ನಿಯಮಗಳೇ ಬೇರೆ. ಗೆಳತಿಯ ಲೆಕ್ಕ ನೋಡಿ ನಿಮ್ಮದನ್ನು ಹಾಕಬೇಡಿ.

ಡಿವಿಷನ್ 2ರಲ್ಲಿ ಜಿಪಿಎ ಗೆರೆ 2.2. ಡಿವಿಷನ್ 3ರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ, ಓದು ಮತ್ತು ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಎನ್‌ಎಐಎ ಬೇರೆಯೇ ಸಂಸ್ಥೆ. ಅದಕ್ಕೆ ಅದರದೇ ಎಲಿಜಿಬಿಲಿಟಿ ಸೆಂಟರ್ ಇದೆ, ಅಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು.

ಹಂತ 2: ಮೇಜರ್ (ಡಿಗ್ರಿಯ ಮುಖ್ಯ ವಿಷಯ) ತೀರ್ಮಾನಿಸಿ, ಕೋಚ್ ಆಮೇಲೆ

ಡಿವಿಷನ್ 1ರಲ್ಲಿ ಮೂರನೇ ವರ್ಷಕ್ಕೆ ಕಾಲಿಡುವವಳು ತಾನು ಓದಲಿರುವ ಡಿಗ್ರಿಯ 40% ಮುಗಿಸಿರಬೇಕು. ನಾಲ್ಕನೇ ವರ್ಷಕ್ಕೆ 60%, ಐದನೇ ವರ್ಷಕ್ಕೆ 80%. ಡಿಗ್ರಿ 120 ಯೂನಿಟ್‌ನದಾದರೆ 40% ಅಂದರೆ 48. ಹೊಸ ಕಾಲೇಜು "ನಿನ್ನ 60 ಯೂನಿಟ್ ತಗೋತೀವಿ" ಎಂದರೆ ಸಾಲದು. ಆ 60ರಲ್ಲಿ 48 ಆ ಮೇಜರ್‌ನ ಚೌಕಟ್ಟಿನೊಳಗೆ ಕೂರಬೇಕು. ಕೂರದವು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಲಂಕಾರಕ್ಕೆ ಉಳಿಯುತ್ತವೆ.

ಕಮ್ಯುನಿಕೇಷನ್, ಸೋಷಿಯಾಲಜಿಯಂಥ ಮೇಜರ್‌ಗಳಲ್ಲಿ ಎಲೆಕ್ಟಿವ್‌ಗೆ ಜಾಗ ಜಾಸ್ತಿ, ಹೊರಗಿನ ಕ್ಲಾಸುಗಳು ಅಲ್ಲಿ ಸೇರಿಕೊಳ್ಳುತ್ತವೆ. ಎಂಜಿನಿಯರಿಂಗ್, ನರ್ಸಿಂಗ್, ಕಂಪ್ಯೂಟರ್ ಸೈನ್ಸ್‌ನಲ್ಲಿ ಆ ಜಾಗ ತೀರಾ ಕಮ್ಮಿ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಇರುವುದಿಲ್ಲವಲ್ಲ, ಆದ್ದರಿಂದ ಹೇಳಬೇಕು: ಅದು ಆಗದ ಕೆಲಸವಲ್ಲ, ಆದರೆ ಕ್ಯಾಲ್ಕುಲಸ್, ಫಿಸಿಕ್ಸ್, ಪ್ರೋಗ್ರಾಮಿಂಗ್ ಸರಣಿಗಳನ್ನು ಮೊದಲ ಸೆಮಿಸ್ಟರ್‌ನಿಂದಲೇ ಹಿಡಿಯಬೇಕು. ಮಧ್ಯಾಹ್ನದ ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬೀಳುತ್ತವೆ. ಆ ಡಿಪಾರ್ಟ್‌ಮೆಂಟಿನಲ್ಲಿ ಈಗ ಆಟಗಾರ್ತಿಯರು ಯಾರಾದರೂ ಓದುತ್ತಿದ್ದಾರೆಯೇ ಎಂದು ಕೇಳಿ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಅಸಿಸ್ಟ್ ಎಂಬ ಸರ್ಕಾರಿ ವೆಬ್‌ಸೈಟ್ ಇದೆ. ನಿಮ್ಮ ಕಮ್ಯುನಿಟಿ ಕಾಲೇಜಿನ ಯಾವ ಕ್ಲಾಸ್ ಯಾವ ಯುಸಿ ಅಥವಾ ಸಿಎಸ್‌ಯುನಲ್ಲಿ (ರಾಜ್ಯದ ಎರಡು ಸರ್ಕಾರಿ ವಿಶ್ವವಿದ್ಯಾಲಯ ಜಾಲಗಳು), ಯಾವ ಮೇಜರ್‌ಗೆ, ಯಾವುದಕ್ಕೆ ಸಮ ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ನಿಮ್ಮ ಕಾಲೇಜು, ಹೋಗಬೇಕಾದ ಕಾಲೇಜು, ಮೇಜರ್ ಮೂರನ್ನೂ ಆರಿಸಿ ಪಿಡಿಎಫ್ ಇಳಿಸಿಕೊಳ್ಳಿ. ಸಾಮಾನ್ಯ ಶಿಕ್ಷಣದ ಕ್ಲಾಸುಗಳಿಗೆ 2025ರ ಫಾಲ್‌ನಿಂದ (ಶರತ್ಕಾಲದ ಟರ್ಮ್) ಹಳೆಯ ಐಜೆಟ್ಸಿ ಬದಲಿಗೆ ಕ್ಯಾಲ್-ಜೆಟ್ಸಿ ಬಂದಿದೆ. ಅಕ್ಕ ಓದಿದಾಗಿನ ಹಳೆಯ ಪಟ್ಟಿ ಹಿಡಿದು ಕ್ಲಾಸ್ ಆರಿಸಬೇಡಿ.

ಹಂತ 3: ಟ್ರಾನ್ಸ್‌ಕ್ರಿಪ್ಟ್ ಜರಡಿ ಹಿಡಿಯಿರಿ

ಮನೆಯಲ್ಲಿ ಅರ್ಧ ದಿನ ಕೂತು ಮಾಡುವ ಕೆಲಸ. ಇದನ್ನು ಬಿಟ್ಟವರಿಗೇ ಜುಲೈನಲ್ಲಿ ಆ ಮೇಲ್ ಬರುವುದು.

ಒಂದು ಉದಾಹರಣೆ ನೋಡಿ. ನಾಲ್ಕು ಸೆಮಿಸ್ಟರ್ ಮುಗಿದಿವೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 54 ಯೂನಿಟ್, ಜಿಪಿಎ 2.67. ಮೇಲ್ನೋಟಕ್ಕೆ ಎಲ್ಲ ಸರಿ: ಯೂನಿಟ್ 48 ದಾಟಿದೆ, ಜಿಪಿಎ 2.5 ದಾಟಿದೆ.

ಈಗ ಒಳಗೆ ನೋಡಿ. 54ರಲ್ಲಿ 6 ಯೂನಿಟ್ ಸಾಫ್ಟ್‌ಬಾಲ್ ತಂಡದ ಕ್ಲಾಸ್ ಮತ್ತು ವೇಟ್ ಟ್ರೇನಿಂಗ್, ಎಲ್ಲಕ್ಕೂ ಎ. 3 ಯೂನಿಟ್ ರೆಮಿಡಿಯಲ್ ಗಣಿತ, ಅದಕ್ಕೂ ಎ. ಉಳಿದ 45 ಯೂನಿಟ್ ನಿಜವಾದ ಪಾಠಗಳು. ಅವುಗಳಲ್ಲಿ 108 ಗ್ರೇಡ್ ಪಾಯಿಂಟ್ ಬಂದಿದೆ, ಅಂದರೆ 2.4.

ಎನ್‌ಸಿಎಎ ದೈಹಿಕ ಚಟುವಟಿಕೆಯ ಕ್ಲಾಸುಗಳಲ್ಲಿ 2 ಯೂನಿಟ್ ಮಾತ್ರ ಎಣಿಸುತ್ತದೆ. ಹಾಗಾಗಿ 6ರಲ್ಲಿ 4 ಹೋಯಿತು. ರೆಮಿಡಿಯಲ್ ಗಣಿತದ 3 ಯೂನಿಟ್ ವರ್ಗಾವಣೆಯೇ ಆಗುವುದಿಲ್ಲ, ಅದೂ ಹೋಯಿತು. ಉಳಿದದ್ದು 45 ಮತ್ತು 2, ಒಟ್ಟು 47. ಗ್ರೇಡ್ ಪಾಯಿಂಟ್ 108 ಮತ್ತು 8, ಒಟ್ಟು 116. ಭಾಗಿಸಿದರೆ 2.468.

ನಾನ್‌ಕ್ವಾಲಿಫೈಯರ್ ಆದರೆ 48ಕ್ಕೆ ಒಂದು ಯೂನಿಟ್ ಕಮ್ಮಿ. ಕ್ವಾಲಿಫೈಯರ್ ಆದರೂ ಸೆಮಿಸ್ಟರ್ ಸರಾಸರಿ 11.75, ಅಂದರೆ 12ಕ್ಕೆ ತಲುಪಿಲ್ಲ. ಯಾವ ಗುಂಪಿನಲ್ಲಿದ್ದರೂ ಜಿಪಿಎ 2.5ರ ಕೆಳಗೆ. ಕಾಲೇಜಿನಲ್ಲಿ ಅವಳಿಗೆ ಯಾವ ಎಚ್ಚರಿಕೆಯೂ ಬಂದಿರುವುದಿಲ್ಲ, ಏಕೆಂದರೆ ಅಲ್ಲಿನ ಲೆಕ್ಕದಲ್ಲಿ ಅವಳು ಚೆನ್ನಾಗಿಯೇ ಓದುತ್ತಿದ್ದಾಳೆ.

ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಕ್ಲಾಸಿನ ಮುಂದೆ ಮೂರು ಕಾಲಂ ಮಾಡಿ: ವರ್ಗಾವಣೆಯಾಗುತ್ತದೆಯೇ, ಮೇಜರ್‌ಗೆ ಕೂರುತ್ತದೆಯೇ, ದೈಹಿಕ ಚಟುವಟಿಕೆಯೇ. ಮೊದಲ ಕಾಲಂನಿಂದ ಜಿಪಿಎ ಲೆಕ್ಕ, ಎರಡನೆಯದರಿಂದ 40% ಲೆಕ್ಕ. ಡಿ ಬಂದ ಕ್ಲಾಸನ್ನು ಹೊಸ ಕಾಲೇಜು ಒಪ್ಪದಿರಬಹುದು, ಅದನ್ನು "ಅನುಮಾನ" ಎಂದು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಒಂದೇ ಕ್ಲಾಸನ್ನು ಎರಡು ಸಲ ಮಾಡಿದ್ದರೆ ಯೂನಿಟ್ ಒಂದೇ ಸಲ ಎಣಿಸಿ.

ಕ್ವಾರ್ಟರ್ ಪದ್ಧತಿಯಲ್ಲಿ ಓದುವವರು (ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಈ ಪದ್ಧತಿ) ಯೂನಿಟ್‌ಗಳನ್ನು ಮೂರನೇ ಎರಡರಷ್ಟಕ್ಕೆ ಇಳಿಸಿ ನೋಡಬೇಕು. 90 ಕ್ವಾರ್ಟರ್ ಯೂನಿಟ್ ಅಂದರೆ 60 ಸೆಮಿಸ್ಟರ್ ಯೂನಿಟ್. ಆದರೆ ಇಂಗ್ಲಿಷ್‌ನ 6 ಸೆಮಿಸ್ಟರ್ ಯೂನಿಟ್‌ಗೆ ಬದಲು ಎನ್‌ಸಿಎಎ ಕೇಳುವುದು 8 ಕ್ವಾರ್ಟರ್ ಯೂನಿಟ್, ಅಂದರೆ 4 ಯೂನಿಟ್‌ನ ಎರಡು ಕ್ಲಾಸ್.  

ಕೊರತೆ ಕಂಡರೆ ಬೇಸಿಗೆಯ ಕ್ಲಾಸುಗಳಿಂದ ತುಂಬಬಹುದು. ಆದರೆ ನಾನ್‌ಕ್ವಾಲಿಫೈಯರ್‌ಗಳಿಗೆ ಬೇಸಿಗೆಯಲ್ಲಿ ಗಳಿಸುವ ಯೂನಿಟ್‌ಗಳಿಗೂ ಮಿತಿ ಇದೆ. ಆದ್ದರಿಂದ ಎರಡನೇ ವರ್ಷ ಶುರುವಾಗುವ ಮೊದಲೇ ಈ ಲೆಕ್ಕ ಹಾಕಿ. ಕೊನೆಯ ಜೂನ್‌ನಲ್ಲಿ ಹಾಕಿದರೆ ತುಂಬಲು ಸಮಯ ಇರುವುದಿಲ್ಲ.

ಹಂತ 4: ವರ್ಷಗಳ ಗಡಿಯಾರ ನೋಡಿ

ಎಷ್ಟೋ ವರ್ಷಗಳಿಂದ ಡಿವಿಷನ್ 1ರ ಮೂಲ ಲೆಕ್ಕ ಇದು: ಯಾವುದೇ ಕಾಲೇಜಿನಲ್ಲಿ ಮೊದಲ ಸಲ ಫುಲ್‌ಟೈಮ್ ಸೇರಿದ ದಿನದಿಂದ ಐದು ಕ್ಯಾಲೆಂಡರ್ ವರ್ಷ, ಅದರೊಳಗೆ ನಾಲ್ಕು ಸೀಸನ್. ಜೂನಿಯರ್ ಕಾಲೇಜಿನಲ್ಲಿ ಸೇರಿದ ದಿನವೇ ಗಡಿಯಾರ ಶುರು. ಒಂದು ವರ್ಷ ಆಟ ಬಿಟ್ಟು ಕೆಲಸಕ್ಕೆ ಹೋದರೂ ಅದು ಓಡುತ್ತಲೇ ಇರುತ್ತದೆ. ಡಿವಿಷನ್ 2 ಮತ್ತು 3ರಲ್ಲಿ ಕ್ಯಾಲೆಂಡರ್ ಬದಲು ಫುಲ್‌ಟೈಮ್ ಟರ್ಮ್‌ಗಳ ಎಣಿಕೆ: 10 ಸೆಮಿಸ್ಟರ್ ಅಥವಾ 15 ಕ್ವಾರ್ಟರ್. ನಡುವೆ ಬಿಡುವು ತೆಗೆದುಕೊಂಡವರಿಗೆ ಇದು ಅನುಕೂಲ.

ಈ ಲೆಕ್ಕ ಈಗ ಅಲುಗಾಡುತ್ತಿದೆ. 2024ರ ಡಿಸೆಂಬರ್‌ನಲ್ಲಿ ಟೆನೆಸಿಯ ಫೆಡರಲ್ ಕೋರ್ಟ್ ಒಬ್ಬ ಫುಟ್‌ಬಾಲ್ ಆಟಗಾರನ ಪರವಾಗಿ, ಅವನ ಜೂನಿಯರ್ ಕಾಲೇಜ್ ವರ್ಷಗಳನ್ನು ಎಣಿಸದಂತೆ ತಡೆ ಕೊಟ್ಟಿತು. ಆ ನಂತರ ಎನ್‌ಸಿಎಎ ಅದೇ ಸ್ಥಿತಿಯಲ್ಲಿದ್ದವರಿಗೆ 2025–26ರಲ್ಲಿ ಒಂದು ವರ್ಷದ ವಿನಾಯಿತಿ ನೀಡಿತು. "ಜೂಕೋ (ಜೂನಿಯರ್ ಕಾಲೇಜ್) ವರ್ಷ ಇನ್ನು ಎಣಿಸೋದೇ ಇಲ್ಲವಂತೆ" ಎಂಬ ಸುದ್ದಿ ಹುಟ್ಟಿದ್ದು ಇಲ್ಲಿಂದ. ಅದನ್ನು ನಂಬಿ ಯೋಜನೆ ಹಾಕಬೇಡಿ. ನಿಮಗೆ ಎಷ್ಟು ಸೀಸನ್ ಉಳಿದಿದೆ ಎಂದು ಹೊಸ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಹಂತ 5: ವಿಡಿಯೊ ಮತ್ತು ಅಳತೆಗಳು

ವಿಡಿಯೊ ಮೂರರಿಂದ ಐದು ನಿಮಿಷ. ಹಾಡು ಬೇಡ, ನಿಧಾನಗತಿ ಬೇಡ. ಮೊದಲ 30 ಸೆಕೆಂಡಿನಲ್ಲಿ ನಿಮ್ಮ ಅತ್ಯುತ್ತಮ ಆಟ ಬರಬೇಕು, ಹೆಚ್ಚಿನ ಕೋಚ್‌ಗಳು ಅಷ್ಟಕ್ಕೇ ಮುಂದೆ ನೋಡಬೇಕೋ ಬೇಡವೋ ನಿರ್ಧರಿಸುತ್ತಾರೆ.

ಬ್ಯಾಟಿಂಗ್‌ಗೆ ಎರಡು ಕೋನ: ಎದೆಯ ಬದಿಯಿಂದ ಒಂದು, ಹಿಂದಿನಿಂದ ಒಂದು. ಪಿಚರ್ ಆದರೆ ಕ್ಯಾಚರ್‌ನ ಹಿಂದಿನಿಂದ ತೆಗೆಯಿರಿ, ಚೆಂಡು ತಿರುಗುವುದು ಅಲ್ಲಿಂದಲೇ ಕಾಣುವುದು. 43 ಅಡಿಯಿಂದಲೇ ಎಸೆಯಬೇಕು. ಪ್ರತಿ ಬಗೆಯ ಎಸೆತ ನಾಲ್ಕೈದು ಸಲ ಬರಲಿ, ತಪ್ಪಿದ್ದನ್ನೂ ಕತ್ತರಿಸಬೇಡಿ. ಕ್ಯಾಚರ್‌ಗೆ ಪಾಪ್ ಟೈಮ್ ಮುಖ್ಯ: ಚೆಂಡು ನಿಮ್ಮ ಮಿಟ್‌ಗೆ ಬಡಿದ ಕ್ಷಣದಿಂದ ಸೆಕೆಂಡ್ ಬೇಸಿನಲ್ಲಿ ಗ್ಲವ್‌ಗೆ ಬಡಿಯುವವರೆಗೆ. ದೂರ 84 ಅಡಿ 10 ಇಂಚು. ಇದನ್ನು ಬೇಸಿನ ಮೇಲೆ ನಿಂತ ಹುಡುಗಿಗೇ ಎಸೆದು ಅಳೆಯಿರಿ. ಎರಡು ಹೆಜ್ಜೆ ಮುಂದೆ ನಿಂತವಳಿಗೆ ಎಸೆದು ತೆಗೆದ ಸಮಯ ಟ್ರೈಔಟ್ ದಿನ ಬಯಲಾಗುತ್ತದೆ.

ಎಡಗೈ ಸ್ಲ್ಯಾಪರ್‌ಗಳು (ಓಡುತ್ತಲೇ ಚೆಂಡನ್ನು ಬ್ಯಾಟಿನಿಂದ ತಟ್ಟುವವರು) ಹೋಮ್‌ನಿಂದ ಫಸ್ಟ್‌ಗೆ ಓಡುವ ಸಮಯ ಕೊಡಲೇಬೇಕು. ಚೆಂಡು ಬ್ಯಾಟಿಗೆ ತಾಗಿದಾಗ ವಾಚ್ ಒತ್ತಿ, ಕಾಲು ಬೇಸ್ ಮುಟ್ಟಿದಾಗ ನಿಲ್ಲಿಸಿ. ಮೂರು ಸಲ ಓಡಿ ಮೂರೂ ಅಂಕಿಗಳನ್ನು ಬರೆಯಿರಿ.

ಹಂತ 6: ಕೋಚ್‌ಗೆ ಬರೆಯುವುದು

ಜೂನಿಯರ್ ಕಾಲೇಜಿನವರಿಗೆ ಎನ್‌ಸಿಎಎ ಟ್ರಾನ್ಸ್‌ಫರ್ ಪೋರ್ಟಲ್ ಇಲ್ಲ. ಅದು ಈಗಾಗಲೇ ಎನ್‌ಸಿಎಎ ಕಾಲೇಜಿನಲ್ಲಿರುವವರಿಗೆ. ಹಾಗಾಗಿ ಯಾರೋ ಪಟ್ಟಿಯಲ್ಲಿ ಹೆಸರು ನೋಡಿ ಕರೆಯುತ್ತಾರೆ ಎಂದು ಕಾಯಬೇಡಿ, ನೀವೇ ಬರೆಯಬೇಕು. ಮೊದಲ ವರ್ಷದ ಸೀಸನ್ ಮುಗಿದ ಬೇಸಿಗೆಯೇ ಸರಿಯಾದ ಹೊತ್ತು.

ಬರೆಯುವ ಮುಂಚೆ ಆ ತಂಡದ ರೋಸ್ಟರ್ (ಆಟಗಾರ್ತಿಯರ ಪಟ್ಟಿ) ತೆರೆದು, ನಿಮ್ಮ ಜಾಗದಲ್ಲಿ ಆಡುವವರು ಯಾವ ವರ್ಷದಲ್ಲಿದ್ದಾರೆ ನೋಡಿ. ಇಬ್ಬರು ಕ್ಯಾಚರ್‌ಗಳೂ ಸೋಫೊಮೋರ್ (ಎರಡನೇ ವರ್ಷದವರು) ಆಗಿದ್ದರೆ ಅಲ್ಲಿ ನಿಮಗೆ ಜಾಗವಿಲ್ಲ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ, ಎನ್‌ಸಿಎಎ ಮೇಲಿನ ಹೌಸ್ ಕೇಸಿನ ರಾಜಿಯ ನಂತರ, ಅದಕ್ಕೆ ಸೇರಿಕೊಂಡ ಡಿವಿಷನ್ 1 ಕಾಲೇಜುಗಳಲ್ಲಿ ಸಾಫ್ಟ್‌ಬಾಲ್‌ನ 12 ಸ್ಕಾಲರ್‌ಶಿಪ್ ಮಿತಿ ಹೋಗಿ 25 ಆಟಗಾರ್ತಿಯರ ರೋಸ್ಟರ್ ಮಿತಿ ಬಂದಿದೆ. ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಸೇರಿಕೊಳ್ಳುವ ಬಾಗಿಲು ಇದರಿಂದ ಕಿರಿದಾಗಿದೆ.

ಮೇಲ್‌ನ ವಿಷಯದ ಸಾಲಿನಲ್ಲಿ ಎಲ್ಲವೂ ಬರಲಿ: ಜೂಕೋ ಸೋಫೊಮೋರ್, ಶಾರ್ಟ್‌ಸ್ಟಾಪ್, ಎಡಗೈ ಬ್ಯಾಟಿಂಗ್-ಬಲಗೈ ಎಸೆತ, ಜಿಪಿಎ 3.1, ಫಾಲ್ 2027. ಒಳಗೆ ಐದಾರು ಸಾಲು: ಕ್ವಾಲಿಫೈಯರ್ ಸ್ಥಿತಿ, ವರ್ಗಾಯಿಸಬಲ್ಲ ಯೂನಿಟ್, ಮೇಜರ್, ಉಳಿದ ಸೀಸನ್, ಅಳತೆಗಳು, ವಿಡಿಯೊ ಲಿಂಕ್, ನಿಮ್ಮ ಈಗಿನ ಕೋಚ್‌ನ ಫೋನ್ ನಂಬರ್. ಇಷ್ಟು ಓದಿ ಬರೆದ ಹುಡುಗಿ ಕೋಚ್‌ಗೆ ಅಪರೂಪ, ಉತ್ತರ ಬೇಗ ಬರುತ್ತದೆ. ಮೇಲ್ ಮಗಳೇ ಬರೆಯಬೇಕು. ಅಪ್ಪ ಬರೆದ ಮೇಲ್ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಕೋಚ್ ಆಸಕ್ತಿ ತೋರಿದ ದಿನವೇ ಕೇಳಬೇಕಾದ್ದು ಒಂದು: "ನನ್ನ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸುತ್ತೇನೆ, ಕಂಪ್ಲಯನ್ಸ್‌ನವರಿಂದ ಮುಂಗಡ ಪರಿಶೀಲನೆ ಮಾಡಿಸಿ ಕೊಡ್ತೀರಾ?" ಒಳ್ಳೆಯ ಕೋಚ್ ಇದಕ್ಕೆ ತಾನೇ ಅವಸರ ಮಾಡುತ್ತಾರೆ. "ಅದೆಲ್ಲ ಆಮೇಲೆ ನೋಡೋಣ" ಎಂಬ ಮಾತು ಎರಡು ಸಲ ಕೇಳಿಬಂದರೆ ಬೇರೆ ಕಾಲೇಜು ಹುಡುಕಲು ಶುರುಮಾಡಿ. ಜನವರಿಯಲ್ಲಿ, ನಡುವರ್ಷದಲ್ಲಿ ಸೇರುವ ಮಾತು ಬಂದರೆ ಆ ವಸಂತದಲ್ಲೇ ಆಡಬಹುದೇ ಎಂಬ ಉತ್ತರವೂ ಬರವಣಿಗೆಯಲ್ಲೇ ಬರಲಿ.

ಹಂತ 7: ಆಫರ್ ಓದುವುದು

ಬಾಯಿಮಾತಿನ ಆಫರ್ ಯಾರನ್ನೂ ಕಟ್ಟಿಹಾಕುವುದಿಲ್ಲ. ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ರದ್ದು ಮಾಡಲಾಯಿತು. ಈಗ ಲೆಕ್ಕಕ್ಕಿರುವುದು ಆರ್ಥಿಕ ನೆರವಿನ ಲಿಖಿತ ಒಪ್ಪಂದ.

"50% ಸ್ಕಾಲರ್‌ಶಿಪ್" ಎಂದರೆ ಯಾವುದರ 50% ಎಂದು ಕೇಳಿ. ವರ್ಷದ ಒಟ್ಟು ಖರ್ಚು 40,000 ಡಾಲರ್, ಅದರಲ್ಲಿ ಟ್ಯೂಷನ್ 22,000 ಎಂದುಕೊಳ್ಳಿ. ಟ್ಯೂಷನ್‌ನ ಅರ್ಧವಾದರೆ ಸಿಗುವುದು 11,000, ಮನೆಯಿಂದ ಹೋಗುವುದು 29,000. ಒಟ್ಟು ಖರ್ಚಿನ ಅರ್ಧವಾದರೆ ಮನೆಯಿಂದ 20,000. ಎರಡೂ "50%" ಎಂದೇ ಕರೆಸಿಕೊಳ್ಳುತ್ತವೆ. ಒಪ್ಪಂದ ಎಷ್ಟು ವರ್ಷದ್ದು, ಗಾಯವಾದರೆ ಏನು, ಬೇಸಿಗೆಯ ಕ್ಲಾಸಿಗೆ ದುಡ್ಡು ಇದೆಯೇ, ಹೊರರಾಜ್ಯದ ಟ್ಯೂಷನ್ ಲೆಕ್ಕ ಹಾಕಿದ್ದಾರೆಯೇ ಎಂದು ನೋಡಿ. ಡಿವಿಷನ್ 2ರಲ್ಲಿ ಇಡೀ ತಂಡಕ್ಕೆ 7.2 ಸ್ಕಾಲರ್‌ಶಿಪ್ ಮಾತ್ರ. ಅದನ್ನು ಇಪ್ಪತ್ತು ಜನಕ್ಕೆ ಹಂಚುವಾಗ ತುಂಡುಗಳು ಸಣ್ಣವೇ ಆಗುತ್ತವೆ.

ಹಂತ 8: ಅಡ್ಮಿಷನ್ ಮತ್ತು ವೀಸಾ

ಕೋಚ್ ಹೇಳಿದರೂ ಅರ್ಜಿ ನೀವೇ ಹಾಕಬೇಕು. ಯುಸಿ ಮತ್ತು ಸಿಎಸ್‌ಯು ಅರ್ಜಿಗಳು ಫಾಲ್ ಪ್ರವೇಶಕ್ಕೆ ಹಿಂದಿನ ವರ್ಷದ ಅಕ್ಟೋಬರ್ 1ರಿಂದ ಸಲ್ಲಿಕೆಗೆ ತೆರೆದು ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಚ್ಚುತ್ತವೆ. ಮಾರ್ಚ್‌ನಲ್ಲಿ ಕೋಚ್ ಸಿಕ್ಕರೆ ಈ ಬಾಗಿಲು ಮುಚ್ಚಿ ತಿಂಗಳುಗಳಾಗಿರುತ್ತವೆ. ಆದ್ದರಿಂದ ಆಫರ್ ಇಲ್ಲದಿದ್ದರೂ ಮನಸ್ಸಿನಲ್ಲಿರುವ ನಾಲ್ಕೈದು ಕ್ಯಾಂಪಸ್‌ಗೆ ಅರ್ಜಿ ಹಾಕಿಡಿ.

ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸಗಾರರ ಮಕ್ಕಳು) ಹುಡುಗಿಯರು 21ನೇ ಹುಟ್ಟುಹಬ್ಬದ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪಗೆ ಬರೆದಿಡಿ. ಆ ದಿನ ಎಚ್-4 ಮುಗಿಯುತ್ತದೆ, ಮತ್ತು ಅದು ಸಾಮಾನ್ಯವಾಗಿ ಬೀಳುವುದು ವರ್ಗಾವಣೆಯ ಆಸುಪಾಸಿನಲ್ಲೇ. ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಯಿಸಲು ತಿಂಗಳುಗಳು ಹಿಡಿಯುವುದರಿಂದ ಆರು ತಿಂಗಳಿಗೂ ಮುಂಚೆ ವಕೀಲರ ಹತ್ತಿರ ಹೋಗಿ. ಎಫ್-1ರಲ್ಲಿ ಈಗಾಗಲೇ ಇರುವವರು ಹಳೆಯ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಿಂದ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆಯನ್ನು ಹೊಸ ಕಾಲೇಜಿಗೆ ಬಿಡಿಸಿಕೊಳ್ಳಬೇಕು. ಓದು ಮುಗಿದ ಮೇಲೆ ಇದಕ್ಕೆ 60 ದಿನಗಳ ಅವಕಾಶ ಮಾತ್ರ. ಪ್ರತಿ ಟರ್ಮ್‌ನ 12 ಯೂನಿಟ್‌ನಲ್ಲಿ ಪೂರ್ತಿ ಆನ್‌ಲೈನ್ ಆದ ಒಂದೇ ಕ್ಲಾಸ್ ಎಣಿಕೆಗೆ ಬರುತ್ತದೆ, ಪ್ರವಾಸದ ಪಂದ್ಯಗಳಿವೆ ಎಂದು ಎಲ್ಲವನ್ನೂ ಆನ್‌ಲೈನ್ ಮಾಡಿಕೊಂಡರೆ ವೀಸಾಕ್ಕೇ ಸಂಚಕಾರ. ಎಚ್-4, ಎಫ್-1 ಇಬ್ಬರಿಗೂ ಫೆಡರಲ್ ಸರ್ಕಾರದ ಶಿಕ್ಷಣ ನೆರವು ಸಿಗುವುದಿಲ್ಲ. ಹೆಸರು, ಚಿತ್ರ ಬಳಸಿ ಜಾಹೀರಾತಿನ ದುಡ್ಡು ಬರುತ್ತದೆಂದು ಯಾರಾದರೂ ಹೇಳಿದರೆ ಸಹಿ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಿ.

ಹಂತ 9: ಕೊನೆಯ ಸೆಮಿಸ್ಟರ್ ಮತ್ತು ಬೇಸಿಗೆ

ಸೀಸನ್ ನಡುವೆ ಕಷ್ಟವೆನಿಸಿದ ಕ್ಲಾಸ್ ಡ್ರಾಪ್ ಮಾಡುವ ಮುಂಚೆ ಯೂನಿಟ್ ಎಣಿಸಿ. 12ರ ಕೆಳಗೆ ಇಳಿದರೆ ಅವತ್ತೇ ಆಟ ನಿಲ್ಲುತ್ತದೆ, ಸರಾಸರಿಯೂ ಕೆಡುತ್ತದೆ. ಅಸೋಸಿಯೇಟ್ ಡಿಗ್ರಿಗೆ ಬೇರೆ ಅರ್ಜಿ ಹಾಕಬೇಕು, ಯೂನಿಟ್ ತುಂಬಿದೊಡನೆ ತಾನಾಗಿ ಬರುವುದಿಲ್ಲ. ನಾನ್‌ಕ್ವಾಲಿಫೈಯರ್‌ಗೆ ಈ ಒಂದು ಫಾರಂ ಇಡೀ ಸೀಸನ್‌ನ ಬೆಲೆಯದು.

ಮೇ ಕೊನೆಯಲ್ಲಿ ಗ್ರೇಡ್ ಬಂದ ಮೇಲೆ, ಡಿಗ್ರಿ ಕೊಟ್ಟ ದಿನಾಂಕ ಅಚ್ಚಾಗಿರುವ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಕಳಿಸಿ. ದಿನಾಂಕ ಬೀಳುವ ಮುಂಚೆ ಕಳಿಸಿದರೆ ಮತ್ತೆ ಕಳಿಸಬೇಕಾಗುತ್ತದೆ. ಬೇಸಿಗೆ ಕ್ಲಾಸ್ ಇದ್ದರೆ ಅದು ಮುಗಿಯುವ ತಾರೀಖು ಹೊಸ ಕಾಲೇಜು ಶುರುವಾಗುವ ತಾರೀಖಿಗಿಂತ ಎರಡು ವಾರವಾದರೂ ಮುಂಚೆ ಇರಲಿ, ಗ್ರೇಡ್ ದಾಖಲಾಗಲು ಅಷ್ಟು ಬೇಕು.

ಮೊದಲ ಪ್ರಾಕ್ಟೀಸ್‌ಗೆ ಮುಂಚಿನ ಆರು ತಿಂಗಳೊಳಗಿನ ವೈದ್ಯಕೀಯ ತಪಾಸಣೆ ಮತ್ತು ಸಿಕಲ್ ಸೆಲ್ ಪರೀಕ್ಷೆಯ ವರದಿ ಇಟ್ಟುಕೊಳ್ಳಿ. ಊರಿಂದ ಬಂದ ಲೇಹ್ಯ, ಚೂರ್ಣ, ಪ್ರೋಟೀನ್ ಪುಡಿ ಯಾವುದೇ ಇರಲಿ, ಡಬ್ಬಿಯನ್ನು ಅಥ್ಲೆಟಿಕ್ ಟ್ರೇನರ್‌ಗೆ ತೋರಿಸಿಯೇ ತಿನ್ನಿ. "ಇದು ಸುರಕ್ಷಿತ" ಎಂಬ ಪಟ್ಟಿ ಎನ್‌ಸಿಎಎ ಬಳಿ ಇಲ್ಲ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ತಿಂದವಳದೇ.

ಆಗಸ್ಟ್ ಮೊದಲ ವಾರದಲ್ಲಿ ಕಂಪ್ಲಯನ್ಸ್ ಆಫೀಸಿಗೆ ಒಂದೇ ಪ್ರಶ್ನೆಯ ಮೇಲ್ ಕಳಿಸಿ: ನಾನು ಅಭ್ಯಾಸ, ಪಂದ್ಯ, ಸ್ಕಾಲರ್‌ಶಿಪ್ ಮೂರಕ್ಕೂ ಅರ್ಹಳೇ, ಇನ್ನೂ ಬರಬೇಕಾದ ಕಾಗದ ಯಾವುದು? ಉತ್ತರ ಬರುವವರೆಗೆ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.